ಕುಂಡದೊಳಗಿನ ವೃಕ್ಷಗಳು: ಹೊಸದಾಗಿ ಆರಂಭಿಸುವವರಿಗೆ ಒಂದು ಪಾಠ



ಶಾಲೆಯನ್ನು ಬಿಟ್ಟುಹೋದರೂ ಪಾಠವು ನಮ್ಮನ್ನು ಬಿಡಲಿಲ್ಲವಲ್ಲಾ ಎಂದು ನಿಮ್ಮಲ್ಲಿ ಕೆಲವರು ನಗಬಹುದು. ಆದರೆ ಈ ಸ್ಮರಣ ಸಂಚಿಕೆಗೆ ಪಾಠವನ್ನೇ ಬರೆಯುವುದಕ್ಕೆ ಕಾರಣವುಂಟು. ಶಾಲೆಗೆ ಬಂದ ಪಾಲಕರು ನಮ್ಮ ಕೋಣೆಯ ಹೊರಗಿನ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿರುವ ಗೇಣುದ್ದದ ಆಲ, ಅರಳಿ, ಹುಣಸೆಗಳನ್ನು ನೋಡಿ, ಇವನ್ನು ಹೇಗೆ ಬೆಳೆಸಿದಿರೆಂದು ತಪ್ಪದೆ ಕೇಳುತ್ತಾರೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಸಂಸಾರ ಹೂಡಿರುವ ನಮ್ಮ ಹಳೆಯ ಹುಡುಗಿಯರೂ ಇದನ್ನೇ ಕೇಳುತ್ತಿರುತ್ತಾರೆ. ಎಲ್ಲರಿಗೂ ಒಂದೇ ಸಲ ಉತ್ತರವಾಗಲೆಂದು ನಾವು ಕಲಿತಷ್ಟನ್ನು ಇಲ್ಲಿ ಬರೆಯುತ್ತೇವೆ. ನಾವು ಈ ವಿದ್ಯೆಯಲ್ಲಿ ಪಂಡಿತರಲ್ಲ. ಗಿಡಗಳನ್ನು ಒಣಗಿಸಿ ಒಣಗಿಸಿ ಕಲಿತವರು. ಆದಕಾರಣ ಹೊಸಬರಿಗೆ ನಮ್ಮ ಮಾತು ಉಪಯೋಗಕ್ಕೆ ಬಂದೀತು.

೧. ಬೋನ್ಸಾಯ್ ಎಂದರೇನು?

ಬೋನ್ಸಾಯ್ ಎಂಬುದು ಜಪಾನೀ ಭಾಷೆಯ ಶಬ್ದ. 'ಬೋನ್' ಎಂದರೆ ತಟ್ಟೆಯಂಥ ಕುಂಡ, 'ಸಾಯ್' ಎಂದರೆ ನೆಟ್ಟದ್ದು. ಇದು ಒಂದು ಜಾತಿಯ ಗಿಡದ ಹೆಸರೆಂದು ಹಲವರು ತಿಳಿದಿದ್ದಾರೆ, ಹಾಗಲ್ಲ. ಊರ ಮುಂದಿನ ಆಲದ ಮರವೂ, ಗುಡಿಯ ಮುಂದಿನ ಅರಳಿಯೂ, ಹೊಲದ ಬದುವಿನ ಹುಣಸೆಯೂ ತಕ್ಕ ಆರೈಕೆಯಿಂದ ತಟ್ಟೆಯಲ್ಲಿ ಮರವಾಗಿಯೇ ಬಾಳಬಲ್ಲವು. ಬೀಜದಲ್ಲಿ ಏನೂ ಮಾಟವಿಲ್ಲ. ಬೇರಿಗೆ ಮಿತಿ, ಟೊಂಗೆಗೆ ಕತ್ತರಿ, ನಿತ್ಯದ ನೀರು, ಇವಿಷ್ಟರಿಂದಲೇ ದೊಡ್ಡ ಮರವು ಚಿಕ್ಕದಾಗಿ ಉಳಿಯುತ್ತದೆ.

ಈ ಕಲೆ ಮೊದಲು ಚೀನದಲ್ಲಿ ಹುಟ್ಟಿತು. ಕ್ರಿ.ಶ. ೭೦೬ರ ಕಾಲದ ಒಬ್ಬ ಚೀನೀ ರಾಜಕುಮಾರನ ಸಮಾಧಿಯ ಗೋಡೆಯ ಮೇಲೆ, ತಟ್ಟೆಯಲ್ಲಿ ನೆಟ್ಟ ಚಿಕ್ಕ ಗಿಡಗಳನ್ನು ಹಿಡಿದು ನಿಂತ ಸೇವಕರ ಚಿತ್ರವಿದೆ. ಅಲ್ಲಿಂದ ಜಪಾನಿಗೆ ಹೋಗಿ ಅಲ್ಲಿ ಬಹು ನಾಜೂಕಾಗಿ ಬೆಳೆಯಿತು. ೧೯೨೩ರ ಭೂಕಂಪದ ತರುವಾಯ ಟೋಕಿಯೋ ನಗರದ ಬೋನ್ಸಾಯ್ ಕುಶಲಿಗಳು ನಗರವನ್ನು ಬಿಟ್ಟು ಓಮಿಯಾ ಎಂಬಲ್ಲಿ ೧೯೨೫ರಲ್ಲಿ ಒಂದು ಹಳ್ಳಿಯನ್ನೇ ಕಟ್ಟಿಕೊಂಡರು. ನಮ್ಮ ನಾಡಿನಲ್ಲಿ ನೋಡಬೇಕೆಂದರೆ ಬೆಂಗಳೂರಿನ ಲಾಲ್‌ಬಾಗಿನಲ್ಲಿಯೂ ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದಲ್ಲಿಯೂ ಬೋನ್ಸಾಯ್ ತೋಟಗಳಿವೆ. ಪ್ರವಾಸ ಹೋದವರು ಅಲ್ಲಿ ಒಂದು ತಾಸು ಕಳೆದರೆ ಪುಸ್ತಕದಿಂದ ಬಾರದ ತಿಳಿವಳಿಕೆ ಬರುತ್ತದೆ.

೨. ನಾವು ಮಾಡಿದ ತಪ್ಪುಗಳು

ಮೊದಲ ವರ್ಷ ನಾವು ಹನ್ನೆರಡು ಗಿಡಗಳನ್ನು ಇಟ್ಟೆವು. ಚಿತ್ರ ನೋಡಿ ಮನಸೋತು ದೂರದಿಂದ ತರಿಸಿದ ಎರಡು ಜೂನಿಪರ್ ಗಿಡಗಳೂ ಅವುಗಳಲ್ಲಿದ್ದವು. ಅಂದವಾದ ಬಸಿಗಳನ್ನು ಕೊಂಡು, ಹೊಲದ ಎರೆಮಣ್ಣನ್ನೇ ತುಂಬಿ, ಕಾಯಿ ಬಿಟ್ಟೀತೆಂಬ ಆಸೆಯಿಂದ ಗೊಬ್ಬರವನ್ನೂ ಧಾರಾಳವಾಗಿ ಹಾಕಿದೆವು. ಬೇಸಿಗೆಯ ಸೂಟಿ ಬಂತು. ನೀರು ಹಾಕುವ ಕೆಲಸವನ್ನು "ಯಾರಾದರೂ ನೋಡಿಕೊಳ್ಳುತ್ತಾರೆ" ಎಂದು ಬಿಟ್ಟು ಊರಿಗೆ ಹೋದೆವು. ತಿರುಗಿ ಬಂದು ನೋಡಲಾಗಿ ಉಳಿದಿದ್ದವು ಮೂರು: ಒಂದು ಜೇಡ್, ಒಂದು ಕಾಗದದ ಹೂವಿನ ಬಳ್ಳಿ, ಮತ್ತು ಗೋಡೆಯ ಬಿರುಕಿನಿಂದ ಕಿತ್ತು ತಂದ ಒಂದು ಅರಳಿ.

ಆ ಮೂರು ಗಿಡಗಳೇ ನಮಗೆ ಗುರುಗಳಾದವು. ಅವು ಉಳಿದದ್ದೇಕೆ, ಉಳಿದವು ಸತ್ತದ್ದೇಕೆ ಎಂದು ವಿಚಾರಿಸಿದಾಗ ನಾಲ್ಕು ಸಂಗತಿಗಳು ತಿಳಿದುಬಂದವು. ನಮ್ಮ ಹವೆಗೆ ಒಗ್ಗದ ಗಿಡವನ್ನು ಆರಿಸಿದ್ದು ಒಂದು. ನೀರು ಇಳಿಯದ ಮಣ್ಣು ಎರಡು. ಬೇರು ಊರುವ ಮೊದಲೇ ಚಿಕ್ಕ ಬಸಿಗೆ ಹಾಕಿದ್ದು ಮೂರು. ಹೆಸರು ಹಿಡಿದು ಒಬ್ಬರಿಗೆ ಒಪ್ಪಿಸದ ಕೆಲಸವನ್ನು ಯಾರೂ ಮಾಡುವುದಿಲ್ಲವೆಂಬುದು ನಾಲ್ಕು.

೩. ಯಾವ ಗಿಡಗಳು?

ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಕಡೆಯ ಬಿಸಿಲು ೪೦ ಡಿಗ್ರಿಯನ್ನು ಮುಟ್ಟುತ್ತದೆ. ಪೈನ್, ಜೂನಿಪರ್, ಮೇಪಲ್ ಮುಂತಾದವು ತಂಪು ನಾಡಿನವು. ಮೇಪಲ್ಲಿಗಂತೂ ಚಳಿಗಾಲದ ನಿದ್ರೆಯೇ ಬೇಕು. ಅವುಗಳ ಗೊಡವೆ ನಮಗೆ ಬೇಡ. ಸಂಗ್ರಹವು ಬಗೆಬಗೆಯಾಗಿರಬೇಕೆಂದು ಆಸೆಪಡುವವರು ಈ ಕೆಳಗಿನ ಆರನ್ನು ಮೊದಲು ಸಾಧಿಸತಕ್ಕದ್ದು.

ಜೇಡ್: ದಪ್ಪ ಎಲೆಯಲ್ಲಿ ನೀರನ್ನು ಕೂಡಿಟ್ಟುಕೊಳ್ಳುವುದರಿಂದ ಒಂದೆರಡು ದಿನ ಮರೆತರೂ ಕ್ಷಮಿಸುತ್ತದೆ. ಟೊಂಗೆಯನ್ನು ಮುರಿದು ಗಾಯ ಒಣಗುವವರೆಗೆ ಮೂರು-ನಾಲ್ಕು ದಿನ ನೆರಳಲ್ಲಿಟ್ಟು ನೆಟ್ಟರೆ ಬೇರು ಬಿಡುತ್ತದೆ. ಮೊದಲನೆಯ ಗಿಡ ಇದೇ ಆಗಲಿ.

ಆಲ, ಅರಳಿ, ಬಸರಿ, ಅತ್ತಿ: ಇವು ಒಂದೇ ಕುಲದವು, ಬಹು ಗಟ್ಟಿ. ಹಕ್ಕಿಗಳು ಹಣ್ಣು ತಿಂದು ಉದುರಿಸಿದ ಬೀಜದಿಂದ ಹಳೆಯ ವಾಡೆಗಳ ಗೋಡೆ, ಬಾವಿಯ ಕಟ್ಟೆ, ಮಾಳಿಗೆಯ ಮೂಲೆಗಳಲ್ಲಿ ಇವು ತಾವಾಗಿಯೇ ಹುಟ್ಟುತ್ತವೆ. ಮನೆಯವರ ಅಪ್ಪಣೆ ಪಡೆದು ಮಳೆಗಾಲದಲ್ಲಿ ಬೇರುಸಹಿತ ಬಿಡಿಸಿಕೊಂಡರೆ ಗೋಡೆಯೂ ಉಳಿಯಿತು, ನಿಮಗೊಂದು ಗಿಡವೂ ದೊರೆಯಿತು. ಬಿರುಕಿನಲ್ಲಿ ಹಿಂಡಿಸಿಕೊಂಡು ಬೆಳೆದ ಬೇರು ಹೇಗೆ ತಿರುಚಿಕೊಂಡಿರುತ್ತದೆಂದರೆ, ನಾವು ಹತ್ತು ವರ್ಷ ಹೆಣಗಿದರೂ ಅಂಥ ರೂಪ ಬರಲಾರದು.

ಹುಣಸೆ: ಬೀಜವನ್ನು ರಾತ್ರಿ ನೀರಲ್ಲಿ ನೆನೆಹಾಕಿ ಬಿತ್ತಬೇಕು. ಎಲೆ ಹುಟ್ಟಿನಿಂದಲೇ ಸಣ್ಣದಾದ್ದರಿಂದ ಮರವು ಬೇಗನೆ ಮರದಂತೆ ಕಾಣುತ್ತದೆ. ಆದರೆ ಸಾವಕಾಶದ ಗಿಡ. ಕಾಂಡ ದಪ್ಪವಾಗಲು ಬಹು ವರ್ಷ ಬೇಕು. ಮಕ್ಕಳ ಹುಟ್ಟುಹಬ್ಬದಂದು ಬಿತ್ತಿರಿ. ಮಗುವಿನ ಜೊತೆಗೆ ಅದೂ ಬೆಳೆಯಲಿ.

ಕಾಗದದ ಹೂ, ಅಂದರೆ ಬೋಗನ್‌ವಿಲ್ಲಾ: ಬಲಿತ ಟೊಂಗೆಯ ತುಂಡಿನಿಂದ ಬರುತ್ತದೆ. ಬಿಸಿಲು ಹೆಚ್ಚಿದಷ್ಟೂ, ನೀರು ಮಿತವಾದಷ್ಟೂ ಹೂ ಹೆಚ್ಚು.

ದಾಳಿಂಬೆ: ನಮ್ಮ ಜಿಲ್ಲೆಯ ತೋಟಗಳಲ್ಲಿ ಚಾಟ್ನಿ ಮಾಡಿದ ಟೊಂಗೆಗಳು ಬೇಕಾದಷ್ಟು ಸಿಗುತ್ತವೆ. ಇಲ್ಲಿ ಒಂದು ಮಾತು ತಿಳಿದಿರಲಿ: ಆರೈಕೆಯಿಂದ ಎಲೆ ಸಣ್ಣದಾಗುತ್ತದೆಯೇ ಹೊರತು ಹೂವಾಗಲಿ ಹಣ್ಣಾಗಲಿ ಸಣ್ಣದಾಗುವುದಿಲ್ಲ. ಆದಕಾರಣ ಗೇಣುದ್ದದ ಗಿಡದಲ್ಲಿ ದೊಡ್ಡ ಹಣ್ಣು ತೂಗಿ ಟೊಂಗೆ ಮುರಿದೀತು. ಚಿಕ್ಕ ಹಣ್ಣಿನ ಕುಳ್ಳ ದಾಳಿಂಬೆಯ ಜಾತಿಯೇ ಲೇಸು.

ಅಡೇನಿಯಮ್: ಬುಡ ಗಡ್ಡೆಯಂತೆ ಉಬ್ಬಿ, ಗುಲಾಬಿ ಬಣ್ಣದ ಹೂ ಬಿಡುತ್ತದೆ. ಇದರ ಹಾಲು ವಿಷ. ಮಕ್ಕಳ ಕೈಗೂ ಆಡುಗಳ ಬಾಯಿಗೂ ಸಿಗದಂತೆ ಇಡಿರಿ.

ಒಮ್ಮೆಲೇ ಹತ್ತಾರು ಬೇಡ. ಮೊದಲ ವರ್ಷ ಮೂರು, ಅವು ಎರಡು ಬೇಸಿಗೆ ದಾಟಿದರೆ ಮತ್ತೆ ಮೂರು. ಒಣಗಿದ ಇಪ್ಪತ್ತು ಗಿಡಗಳಿಗಿಂತ ಬದುಕಿದ ಆರು ಗಿಡಗಳು ಹೆಚ್ಚಿನ ಸಂಪತ್ತು.

೪. ಮಣ್ಣು ಮತ್ತು ಕುಂಡ

ಕೃಷ್ಣೆ, ಘಟಪ್ರಭೆಯರ ದಂಡೆಯ ನಮ್ಮ ಎರೆಮಣ್ಣು ಕಬ್ಬಿಗೂ ಜೋಳಕ್ಕೂ ತಾಯಿಯಿದ್ದಂತೆ. ಆದರೆ ಕುಂಡಕ್ಕೆ ಅದು ಮಲತಾಯಿ. ನೆನೆದಾಗ ಉಬ್ಬಿ ಗಾಳಿ ಆಡದಂತೆ ಬೇರನ್ನು ಉಸಿರುಗಟ್ಟಿಸುತ್ತದೆ. ಒಣಗಿದಾಗ ಬಿರಿದು ಎಳೆಯ ಬೇರನ್ನು ಹರಿಯುತ್ತದೆ. ನಾವು ಈಗ ಮಾಡುವ ಮಿಶ್ರಣ ಹೀಗಿದೆ: ಇಟ್ಟಂಗಿಯ ಚೂರು ಎರಡು ಪಾಲು, ದಪ್ಪ ಮರಳು ಒಂದು ಪಾಲು, ಚೆನ್ನಾಗಿ ಕೊಳೆತು ಜರಡಿ ಹಿಡಿದ ಎಲೆಗೊಬ್ಬರ ಒಂದು ಪಾಲು. ಇಟ್ಟಂಗಿಯ ಚೂರು ಜೋಳದ ಕಾಳಿನಿಂದ ಕಡಲೆಕಾಳಿನ ಗಾತ್ರದ ವರೆಗೆ ಇರಲಿ. ಹಿಟ್ಟಿನಂಥ ಧೂಳನ್ನು ಜರಡಿಯಿಂದ ತೆಗೆದುಹಾಕತಕ್ಕದ್ದು. ಪರೀಕ್ಷೆ ಸುಲಭ: ಮೇಲೆ ಹೊಯ್ದ ನೀರು ನಿಲ್ಲದೆ ಕೂಡಲೇ ಕೆಳಗಿನ ರಂಧ್ರದಿಂದ ಇಳಿಯಬೇಕು. ಮೇಲೆ ಕೆರೆಯಂತೆ ನಿಂತರೆ ಮಣ್ಣು ತಪ್ಪಾಗಿದೆಯೆಂದು ತಿಳಿಯಿರಿ.

ತಟ್ಟೆಯ ಕುಂಡಕ್ಕೆ ಅವಸರ ಬೇಡ. ಮೊದಲ ಎರಡು ಮೂರು ವರ್ಷ ಗಿಡವು ಸಾಧಾರಣ ಮಣ್ಣಿನ ಕುಂಡದಲ್ಲಿ ಬೇರೂರಿ ಕಾಂಡ ಬಲಿಯಲಿ. ಅನಂತರ ತಟ್ಟೆ. ನಿಮ್ಮೂರಿನ ಕುಂಬಾರರಿಗೆ ಅಳತೆ ಕೊಟ್ಟರೆ ಅವರೇ ಮಾಡಿಕೊಡುತ್ತಾರೆ. ಹಸಿಯಿದ್ದಾಗಲೇ ತಳದಲ್ಲಿ ಎರಡು ದೊಡ್ಡ ರಂಧ್ರಗಳನ್ನೂ ತಂತಿ ತೂರಿಸಲು ಎರಡು ಚಿಕ್ಕ ರಂಧ್ರಗಳನ್ನೂ ಇಡಲು ಹೇಳಿರಿ. ಕುಂಡದ ಆಳವು ಕಾಂಡದ ಬುಡದ ದಪ್ಪದಷ್ಟು, ಉದ್ದವು ಮರದ ಎತ್ತರದ ಮೂರರಲ್ಲಿ ಎರಡು ಪಾಲು ಇರಬೇಕೆಂಬುದು ಬಲ್ಲವರ ಲೆಕ್ಕ. ನಮ್ಮ ಬಿಸಿಲಿಗೆ ಆಳ ಸ್ವಲ್ಪ ಹೆಚ್ಚಿದ್ದರೆ ನಷ್ಟವಿಲ್ಲ.

೫. ನೀರು, ಬಿಸಿಲು, ಗೊಬ್ಬರ

ದಿನಕ್ಕೆ ಎಷ್ಟು ಸಲ ನೀರು ಹಾಕಬೇಕೆಂದು ಎಲ್ಲರೂ ಕೇಳುತ್ತಾರೆ. ಗಡಿಯಾರ ನೋಡಿ ಹಾಕಬೇಡಿರಿ, ಬೆರಳಿನಿಂದ ನೋಡಿರಿ. ಮಣ್ಣಿನ ಮೇಲ್ಭಾಗ ಒಣಗಿದ್ದರೆ ತಳದಿಂದ ಹರಿಯುವಷ್ಟು ಹಾಕಿರಿ; ಹಸಿಯಿದ್ದರೆ ಬಿಡಿರಿ. ಕಡುಬೇಸಿಗೆಯಲ್ಲಿ ಎರಡು ಹೊತ್ತು ಬೇಕಾಗುತ್ತದೆ, ಶ್ರಾವಣದ ಜಡಿಮಳೆಯಲ್ಲಿ ವಾರಗಟ್ಟಲೆ ಬೇಡವಾಗುತ್ತದೆ. ಕೊಳವೆಬಾವಿಯ ಗಡಸು ನೀರಿನಿಂದ ಕುಂಡದ ಅಂಚಿಗೆ ಬಿಳಿಯ ಉಪ್ಪು ಕಟ್ಟುತ್ತದೆ. ಮಳೆಯ ನೀರಿನಲ್ಲಿ ಕುಂಡವನ್ನು ಚೆನ್ನಾಗಿ ತೊಯಿಸಿದರೆ ಅದು ತೊಳೆದುಹೋಗುತ್ತದೆ.

ಬೋನ್ಸಾಯ್ ಮೇಜಿನ ಮೇಲಿನ ಗೊಂಬೆಯಲ್ಲ. ಅತಿಥಿಗಳು ಬಂದಾಗ ಒಂದೆರಡು ದಿನ ಒಳಗಿಡಬಹುದು, ಮತ್ತೆ ಹೊರಗೇ ಅದರ ವಾಸ. ಏಪ್ರಿಲ್, ಮೇ ತಿಂಗಳುಗಳಲ್ಲಿ ಮಾತ್ರ ಮಧ್ಯಾಹ್ನದ ಬಿಸಿಲಿಗೆ ಹಸಿರು ಪರದೆ ಕಟ್ಟಿರಿ. ಮಾಳಿಗೆಯ ಸಿಮೆಂಟಿನ ಮೇಲೆ ನೇರವಾಗಿ ಇಡಬೇಡಿರಿ; ಕೆಳಗಿನ ಕಾವಿಗೆ ಬೇರು ಬೇಯುತ್ತದೆ. ನಾಲ್ಕು ಇಟ್ಟಂಗಿಯ ಮೇಲೆ ಹಲಗೆ ಹಾಕಿ ಅದರ ಮೇಲಿಟ್ಟು, ಸುತ್ತಲೂ ತೊಯ್ದ ಗೋಣಿತಟ್ಟು ಹಾಸಿದರೆ ತಂಪಾಗಿರುತ್ತದೆ.

ಶೇಂಗಾ ಹಿಂಡಿಯನ್ನಾಗಲಿ ಬೇವಿನ ಹಿಂಡಿಯನ್ನಾಗಲಿ ಕೆಲವು ದಿನ ನೆನೆಯಿಟ್ಟು, ತಿಳಿಯಾದ ಚಹದ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿ, ಗಿಡ ಚಿಗುರುವ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಕೊಟ್ಟರೆ ಸಾಕು. ಬಿಳಿಯ ಹಿಟ್ಟು ತಿಗಣೆ ಕಂಡರೆ ಲೀಟರು ನೀರಿಗೆ ೫ ಮಿಲಿಲೀಟರು ಬೇವಿನೆಣ್ಣೆ, ಸ್ವಲ್ಪ ಸಾಬೂನಿನ ನೀರು ಕೂಡಿಸಿ ಸಂಜೆ ಸಿಂಪಡಿಸಿರಿ.

೬. ಕತ್ತರಿ ಮತ್ತು ದಾರ

ಕತ್ತರಿ ಹಿಡಿಯುವ ಮೊದಲು ಒಂದು ದೊಡ್ಡ ಮರದ ಮುಂದೆ ನಿಂತು ನೋಡಿರಿ. ಬುಡ ಅಗಲ, ಮೇಲೆ ಹೋದಂತೆ ಕಿರಿದು; ಕೆಳಗಿನ ಟೊಂಗೆ ಉದ್ದ, ಮೇಲಿನದು ಗಿಡ್ಡ. ಕುಂಡದ ಮರಕ್ಕೂ ಇದೇ ನ್ಯಾಯ. ಮೊದಲ ಟೊಂಗೆ ಎತ್ತರದ ಮೂರನೆಯ ಒಂದು ಪಾಲಿನಲ್ಲಿ, ಎರಡನೆಯದು ಅದರ ಮೇಲೆ ಇನ್ನೊಂದು ಮಗ್ಗುಲಿಗೆ, ಮೂರನೆಯದು ಹಿಂದಕ್ಕೆ ಇರಲಿ. ಒಂದನ್ನೊಂದು ಅಡ್ಡಹಾಯುವ ಟೊಂಗೆಗಳನ್ನೂ ಎದುರುಬದುರು ಹುಟ್ಟಿದ ಜೋಡಿಯಲ್ಲಿ ಒಂದನ್ನೂ ತೆಗೆಯಬೇಕು. ಹೊಸ ಚಿಗುರಿನಲ್ಲಿ ಐದಾರು ಎಲೆ ಬಂದ ಮೇಲೆ ಎರಡನ್ನು ಉಳಿಸಿ ತುದಿ ಚಿವುಟಿರಿ. ಆಲ, ಅರಳಿಗಳಿಂದ ಹಾಲು ಸುರಿದರೆ ಒದ್ದೆ ಅರಿವೆಯಿಂದ ಒರಸಿದರಾಯಿತು.

ಟೊಂಗೆಯನ್ನು ಬಾಗಿಸಲು ಅಲ್ಯೂಮಿನಿಯಮ್ ತಂತಿ ಸುತ್ತುವುದು ರೂಢಿ. ತಂತಿಯ ದಪ್ಪ ಟೊಂಗೆಯ ದಪ್ಪದ ಮೂರನೆಯ ಒಂದು ಪಾಲಿರಬೇಕು. ತೊಗಟೆಯಲ್ಲಿ ಹುಗಿಯುವ ಮೊದಲೇ ಅದನ್ನು ತುಂಡುತುಂಡಾಗಿ ಕತ್ತರಿಸಿ ತೆಗೆಯಬೇಕು. ಬಿಚ್ಚಲು ಹೋದರೆ ಟೊಂಗೆ ಮುರಿಯುತ್ತದೆ. ಆದರೆ ಹೊಸಬರಿಗೆ ನಾವು ದಾರವನ್ನೇ ಹೇಳುತ್ತೇವೆ. ಟೊಂಗೆಗೆ ಅರಿವೆಯ ಚೂರು ಸುತ್ತಿ, ಅದರ ಮೇಲೆ ದಾರ ಕಟ್ಟಿ, ಕೆಳಗೆಳೆದು ಕುಂಡದ ಅಂಚಿಗೆ ಬಿಗಿದರೆ ಎರಡು ಮೂರು ತಿಂಗಳಲ್ಲಿ ಟೊಂಗೆ ಆ ರೂಪಕ್ಕೆ ನಿಲ್ಲುತ್ತದೆ. ರಬಕವಿ-ಬನಹಟ್ಟಿಯ ನೇಕಾರರ ಮನೆಯ ಹೆಣ್ಣುಮಕ್ಕಳಿಗೆ ದಾರದ ಬಿಗಿ-ಸಡಿಲವನ್ನು ನಾವು ಕಲಿಸಬೇಕಾಗಿಲ್ಲ. ಮಗ್ಗದ ಮೇಲಿನ ಎಳೆ ಎಷ್ಟು ಜಗ್ಗಿದರೆ ಹರಿಯುತ್ತದೆಂದು ಬಲ್ಲ ಕೈ ಟೊಂಗೆಯನ್ನು ಎಂದೂ ಮುರಿಯದು. ಈ ಕೆಲಸದಲ್ಲಿ ನಮ್ಮ ಶಾಲೆಯ ಆ ಊರಿನ ಹುಡುಗಿಯರು ನಮಗಿಂತ ಮುಂದಿದ್ದಾರೆ.

೭. ಬೇರು ಕತ್ತರಿಸುವುದು

ಎಲ್ಲರೂ ಅಂಜುವ ಪಾಠವಿದು, ನಾವೂ ಅಂಜಿದೆವು. ಅದರ ಕಥೆಯನ್ನು ಹೇಳಿದರೆ ರೀತಿಯೂ ತಿಳಿದೀತು.

ಆಲಮಟ್ಟಿಯ ಆಣೆಕಟ್ಟಿಗೆ ೧೯೬೪ರಲ್ಲಿ ಲಾಲ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲಿಟ್ಟರು. ಆಣೆಕಟ್ಟು ಎದ್ದು ಕೃಷ್ಣೆಯ ಹಿನ್ನೀರು ಏರಿದಾಗ ಬೀಳಗಿ ತಾಲೂಕಿನ ಎಷ್ಟೋ ಹಳ್ಳಿಗಳು ಮುಳುಗಿ ಜನರು ಪುನರ್ವಸತಿ ಕೇಂದ್ರಗಳಿಗೆ ಬಂದರು. ಅಂಥ ಒಂದು ಹಳ್ಳಿಯಿಂದ ಹೊರಡುವಾಗ ನಮ್ಮ ವಿದ್ಯಾರ್ಥಿನಿಯೊಬ್ಬಳ ಅಜ್ಜಿ ಊರ ಕಟ್ಟೆಯ ಆಲದ ಮರದಿಂದ ಒಂದು ಟೊಂಗೆ ಮುರಿದು ತಂದು, ಒಡೆದ ಹರವಿಯ ಅರ್ಧಭಾಗದಲ್ಲಿ ಚುಚ್ಚಿದ್ದರು. ಅದು ಅಲ್ಲಿಯೇ ವರ್ಷಗಳನ್ನು ಕಳೆಯಿತು. ಮಣ್ಣೆಲ್ಲ ತೀರಿ ಬೇರೇ ಬೇರು ತುಂಬಿ, ಹಾಕಿದ ನೀರು ಒಳಗಿಳಿಯದೆ ಹೊರಗೆ ಹರಿಯುತ್ತಿತ್ತು. ಎಲೆಗಳು ಹಳದಿಯಾಗಿ ಉದುರತೊಡಗಿದ್ದವು. ಆ ಹುಡುಗಿ ಅಜ್ಜಿಯನ್ನೂ ಹರವಿಯನ್ನೂ ಶಾಲೆಗೆ ಕರೆತಂದಳು.

"ಅಕ್ಕೋರ, ನಮ್ಮೂರಂದು ಉಳದದ್ದು ಇದೊಂದರೀ. ಬೇರ ಕಡದರ ಇದು ಬದುಕತೈತೇನ್ರೀ?" ಎಂದು ಆಕೆ ಕೇಳಿದರು.

"ಆಯೀ, ಕಡಿಯದಿದ್ದರೆ ಬದುಕುವುದಿಲ್ಲ. ಕಡಿದರೆ ಬದುಕೀತು," ಎಂದು ನಾವು ಹೇಳಿದೆವು. ಹೇಳಿದೆವೇ ಹೊರತು ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಮೊದಲು ಮಳೆ ಹಿಡಿಯುವವರೆಗೆ ಕಾದೆವು. ಎರಡನೆಯದಾಗಿ, ಪೆನ್ಸಿಲ್ಲಿಗಿಂತ ತುಸು ದಪ್ಪನಾದ ಎರಡು ಟೊಂಗೆಗಳನ್ನು ಕತ್ತರಿಸಿ ಬೇರೆ ಕುಂಡದಲ್ಲಿ ನೆಟ್ಟೆವು. ತಾಯಿಗಿಡಕ್ಕೆ ಅಪಾಯವಾದರೂ ವಂಶ ಉಳಿಯಲೆಂದು. ಮೂರನೆಯದಾಗಿ, ಜೂನ್ ಕೊನೆಯ ಒಂದು ಮೋಡದ ದಿನ ಹರವಿಯನ್ನು ಒಡೆದು, ಬೇರಿನ ಗಂಟನ್ನು ಮೊಂಡ ಕಡ್ಡಿಯಿಂದ ಹೊರಗಿನಿಂದ ಒಳಕ್ಕೆ ಬಿಡಿಸುತ್ತ ಬಂದೆವು. ಸುತ್ತಿಕೊಂಡ ದಪ್ಪ ಬೇರುಗಳನ್ನೂ ಕೊಳೆತವನ್ನೂ ತೆಗೆದು, ಒಟ್ಟು ಬೇರಿನಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಹೋಗದಂತೆ ನೋಡಿಕೊಂಡೆವು. ಸಣ್ಣ ಬೇರುಗಳನ್ನು ಉಳಿಸಿದೆವು, ಯಾಕಂದರೆ ನೀರನ್ನು ಹೀರುವವು ಅವೇ. ಬೇರು ಕಡಿಮೆಯಾದಷ್ಟಕ್ಕೆ ಸರಿಯಾಗಿ ಎಲೆಗಳನ್ನೂ ಕಡಿಮೆ ಮಾಡಿದೆವು. ಈ ಹೊತ್ತಿನಲ್ಲಿ ಬೇರು ಒಣಗದಂತೆ ಹುಡುಗಿಯರು ಸರದಿಯಿಂದ ನೀರು ಚಿಮುಕಿಸುತ್ತಿದ್ದರು. ಹೊಸ ಮಿಶ್ರಣದಲ್ಲಿ ಕೂಡಿಸಿ, ಅಲುಗಾಡದಂತೆ ತಳದ ರಂಧ್ರಗಳಿಂದ ತಂತಿ ಕಟ್ಟಿ, ನೆರಳಿನಲ್ಲಿ ಇಟ್ಟೆವು. ಗೊಬ್ಬರ ಒಂದು ತಿಂಗಳು ಇಲ್ಲ.

ಇದ್ದ ಎಲೆಗಳೂ ಉದುರಿದವು. ಒಂದು ವಾರ, ಎರಡು ವಾರ, ಬರಿಯ ಕಡ್ಡಿ. ಅಜ್ಜಿಯಿಂದ ಕೇಳಿಕಳಿಸಿದಾಗ ಹುಡುಗಿಗೆ ಏನು ಹೇಳಬೇಕೆಂದು ತೋಚಲಿಲ್ಲ. ಹತ್ತೊಂಬತ್ತನೆಯ ದಿನ ಬೆಳಗ್ಗೆ ಪ್ರಾರ್ಥನೆಯ ಗಂಟೆಗೆ ಮುಂಚೆ ಆಕೆಯೇ ಓಡಿ ಬಂದು ನಮ್ಮ ಕೈಹಿಡಿದು ಎಳೆದೊಯ್ದಳು. ಕಾಂಡದ ಮೇಲೆ ಗೋದಿಯ ಕಾಳಿನಷ್ಟು ಒಂದು ಕೆಂಪು ಮೊಗ್ಗೆ ಕಂಡಿತು.

ಆರೋಗ್ಯವಾದ ಎಳೆಯ ಗಿಡಕ್ಕೆ ಎರಡು ವರ್ಷಕ್ಕೊಮ್ಮೆ, ಹಳೆಯದಕ್ಕೆ ಮೂರು ನಾಲ್ಕು ವರ್ಷಕ್ಕೊಮ್ಮೆ ಈ ಕೆಲಸ ಸಾಕು.

೮. ಇದು ಹಿಂಸೆಯೇ?

ಬೆಳೆಯುವ ಗಿಡವನ್ನು ಕತ್ತರಿಸಿ ಕುಳ್ಳಾಗಿಡುವುದು ಪಾಪವೆಂದೂ, ಮನೆಯಲ್ಲಿಟ್ಟರೆ ಮನೆತನದ ಏಳಿಗೆ ನಿಲ್ಲುತ್ತದೆಂದೂ ಹಲವರು ಹೇಳುತ್ತಾರೆ. ಎರಡನೆಯದು ಬರಿಯ ನಂಬಿಕೆ. ಮೊದಲನೆಯ ಪ್ರಶ್ನೆಗೆ ಮಾತ್ರ ಗೌರವದಿಂದ ಉತ್ತರ ಹೇಳಬೇಕು. ಉಪವಾಸ ಕೆಡವಿದ ಗಿಡ ಬೋನ್ಸಾಯ್ ಆಗುವುದಿಲ್ಲ, ಸಾಯುತ್ತದೆ. ಹೊಟ್ಟೆತುಂಬ ಉಂಡ ಗಿಡವೇ ಕತ್ತರಿಯನ್ನು ತಾಳಿ ಮತ್ತೆ ಚಿಗುರುತ್ತದೆ. ಜಪಾನಿನ ಹಿರೋಶಿಮಾದಲ್ಲಿ ಒಂದು ಮನೆತನದವರು ೧೬೨೫ರಿಂದ ಕುಂಡದಲ್ಲಿ ಪಾಲಿಸಿದ ಪೈನ್ ಮರವೊಂದಿತ್ತು. ೧೯೪೫ನೆಯ ಆಗಸ್ಟ್ ೬ರಂದು ಅಣುಬಾಂಬು ಬಿದ್ದ ಸ್ಥಳದಿಂದ ಸುಮಾರು ಮೂರು ಕಿಲೋಮೀಟರು ದೂರದಲ್ಲಿ, ತೋಟದ ಗೋಡೆಯ ಮರೆಯಲ್ಲಿ, ಅದು ಬದುಕಿತು. ೧೯೭೬ರಲ್ಲಿ ಅದನ್ನು ಅಮೇರಿಕೆಗೆ ಉಡುಗೊರೆಯಾಗಿ ಕೊಟ್ಟರು. ಅದು ಹಿರೋಶಿಮಾದ ಬಾಂಬಿಗೆ ಉಳಿದ ಮರವೆಂಬುದು ೨೦೦೧ರಲ್ಲಿ ಆ ಮನೆತನದ ಮೊಮ್ಮಕ್ಕಳು ವಾಷಿಂಗ್ಟನ್ನಿಗೆ ನೋಡಲು ಬಂದಾಗ ತಿಳಿಯಿತು. ಹಿಂಸೆಯಿಂದ ಯಾವ ಮರವೂ ಇಷ್ಟು ಶತಮಾನ ಬಾಳದು.

ಆದರೆ ಪಾಲಕರಿಗೆ ಒಂದು ಮಾತು. ಗಿಡಕ್ಕೆ ಮಾಡಬಹುದಾದ ಎಲ್ಲವನ್ನೂ ಮಗಳಿಗೆ ಮಾಡಬಾರದು. "ಹತ್ತನೇ ಇಯತ್ತೆ ಆಯ್ತಲ್ರೀ, ಇನ್ನ ಸಾಕು" ಎಂದು ವರ್ಷಕ್ಕೆ ಕೆಲವರಾದರೂ ನಮ್ಮ ಮುಂದೆ ಬಂದು ದಾಖಲೆ ಕೇಳುತ್ತಾರೆ. ಆಲವನ್ನು ಕುಂಡದಲ್ಲಿಡುವ ನಾವೇ ಅವರ ಕೈಮುಗಿದು ಹೇಳುತ್ತೇವೆ: ಕುಂಡವು ಗಿಡಕ್ಕೆ ಸಾಕು, ನಿಮ್ಮ ಹುಡುಗಿಯನ್ನು ನೆಲಕ್ಕೆ ನೆಡಿರಿ.

೯. ವರ್ಷದ ಕೆಲಸ

ಜೂನ್-ಜುಲೈ: ಬೇರು ಕತ್ತರಿಸಿ ಕುಂಡ ಬದಲಿಸುವುದು, ಟೊಂಗೆ ನೆಡುವುದು, ಗೋಡೆಯ ಗಿಡ ಬಿಡಿಸುವುದು.
ಆಗಸ್ಟ್-ಅಕ್ಟೋಬರ್: ಚಿಗುರು ಚಿವುಟುವುದು, ಹಿಂಡಿಯ ನೀರು, ದಾರ ಕಟ್ಟುವುದು.
ನವೆಂಬರ್-ಜನವರಿ: ನೀರು ಮಿತ, ಗೊಬ್ಬರ ಬೇಡ, ದಾರ, ತಂತಿಗಳನ್ನು ಪರೀಕ್ಷಿಸುವುದು.
ಫೆಬ್ರುವರಿ-ಮಾರ್ಚ್: ಹೊಸ ಚಿಗುರಿನ ಕಾಲ, ಹಗುರಾದ ಕತ್ತರಿ, ಗೊಬ್ಬರ ಪುನಃ ಆರಂಭ.
ಏಪ್ರಿಲ್-ಮೇ: ಪರದೆ, ಎರಡು ಹೊತ್ತು ನೀರು, ಊರಿಗೆ ಹೋಗುವ ಮುಂಚೆ ಒಬ್ಬರ ಹೆಸರು ಹಿಡಿದು ಕೆಲಸ ಒಪ್ಪಿಸುವುದು.

ಕೊನೆಗೆ, ಆ ಆಲದ ಮರದ ಸುದ್ದಿ. ತಾಯಿಗಿಡವು ಒಂದು ವರ್ಷ ನಮ್ಮ ಕಟ್ಟೆಯ ಮೇಲಿದ್ದು, ಕುಂಬಾರರು ಮಾಡಿದ ತಟ್ಟೆಯಲ್ಲಿ ಕೂತು ಅಜ್ಜಿಯ ಮನೆಗೆ ಮರಳಿತು. ನೆಟ್ಟ ಎರಡು ಟೊಂಗೆಗಳಲ್ಲಿ ಒಂದು ಹತ್ತಲಿಲ್ಲ. ಇನ್ನೊಂದನ್ನು ಅವರ ಪುನರ್ವಸತಿ ಕೇಂದ್ರದ ಬಯಲಿನಲ್ಲಿ ನೆಲಕ್ಕೆ ನೆಟ್ಟು ಮುಳ್ಳಿನ ಬೇಲಿ ಹಾಕಿದರು. ಅದು ಈಗ ಮಾಳಿಗೆಯನ್ನು ದಾಟಿದೆಯೆಂದು ಹುಡುಗಿ ಹೇಳುತ್ತಾಳೆ. ಅಜ್ಜಿ ಬೆಳಿಗ್ಗೆ ಚಿಕ್ಕದಕ್ಕೆ ನೀರು ಹಾಕುತ್ತಾರೆ, ಸಂಜೆ ದೊಡ್ಡದರ ನೆರಳಿಗೆ ಹೋಗಿ ಕೂಡುತ್ತಾರೆ.

ನಿಮ್ಮ ಊರಿನ ಗೋಡೆಯಲ್ಲಿಯೂ ಇಂಥದೊಂದು ಸಸಿ ಕಾದುಕೊಂಡಿರಬಹುದು. ಈ ಮಳೆಗಾಲದಲ್ಲಿ ಒಂದನ್ನು ಆರಂಭಿಸಿರಿ. ಮುಂದಿನ ಸಲ ಶಾಲೆಗೆ ಬಂದಾಗ ಅದನ್ನೂ ಕರೆದುಕೊಂಡು ಬನ್ನಿರಿ. ಕಟ್ಟೆಯ ಮೇಲೆ ಸ್ಥಳವಿದೆ.